ಶಟಲ್ಲಿನ ಹೊಟ್ಟೆಗೆ ಸೋಪಿನ ನೀರು

ನಮಗೆ ಸಿಕ್ಕಿದ್ದು ನೌಕೆಯ ಹೊಟ್ಟೆ ಮಾತ್ರ. ಮೂಗು ಶಾರ್ಜಾದ ಒಂದು ವರ್ಕ್‌ಶಾಪಿಗೆ ಹೋಗಿತ್ತು, ಚಾಲಕರ ಕೋಣೆ ಅಬುಧಾಬಿಯ ಇನ್ನೊಂದಕ್ಕೆ. ಮನುಷ್ಯರನ್ನು ಹೊತ್ತು ಮೇಲೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಬಲ್ಲ ನೌಕೆಗಳ ಆರಂಭದ ಕಾಲದ ಬಗ್ಗೆ ಅಲ್ ಐನ್‌ನ ಒಂದು ಹೊಸ ವಿಜ್ಞಾನ ಭವನದಲ್ಲಿ ಮಕ್ಕಳಿಗಾಗಿ ಪ್ರದರ್ಶನ ತೆರೆಯುವವರಿದ್ದರು. ಅದರ ನಡುವೆ ಮೊದಲ ಸ್ಪೇಸ್ ಶಟಲ್ಲಿನ ಕೆಳಮೈಯ ಒಂದು ಭಾಗದ ಮಾದರಿ, ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, ಸೂರಿನಿಂದ ತೂಗಬೇಕು. ಮಕ್ಕಳು ಅದರ ಅಡಿಯಲ್ಲಿ ನಡೆದುಹೋಗುತ್ತ ತಲೆಯೆತ್ತಿ ನೋಡಬೇಕು. ಹೊಟ್ಟೆ ನೋಡಲು ಯಾರು ಬರುತ್ತಾರೆ ಎಂದು ನಾನು ಆಗ ನಕ್ಕಿದ್ದೆ.

ಅಲ್ ಕೂಜ್‌ನಲ್ಲಿ ಎರಡು ಶೆಡ್ಡುಗಳಿದ್ದ ಸೈನ್‌ಬೋರ್ಡ್ ವರ್ಕ್‌ಶಾಪಿಗೆ ನಾನು ಸೂಪರ್‌ವೈಸರ್. ಮಾಲಕರು ಉಪ್ಪಿನಂಗಡಿ ಕಡೆಯ ಬ್ಯಾರಿ, ಹಜ್ ಮುಗಿಸಿದವರು, ಹಾಗಾಗಿ ಎಲ್ಲರಿಗೂ ಹಾಜಿಯವರು. ಮೇಸ್ತ್ರಿ ಬಂಟ್ವಾಳದವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಕಿನ್ನಿಗೋಳಿಯಿಂದ ಡಿಗ್ರಿ ಸರ್ಟಿಫಿಕೇಟು ಹಿಡಿದುಕೊಂಡು ಇಲ್ಲಿ ಇಳಿದಾಗ ಬ್ಲೇಡು ಹಿಡಿಯುವುದನ್ನೂ ಗಾಜಿಗೆ ಸ್ಟಿಕ್ಕರ್ ಅಂಟಿಸುವುದನ್ನೂ ಕಲಿಸಿದ್ದು ಅವರೇ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಅವರಿಗೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಅವರ ಮೇಲಿನವನಾದೆ. ಅವರನ್ನು ಅಣ್ಣ ಎಂದು ಕರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅಂಗಡಿಗಳೆಲ್ಲ ಬೋರ್ಡು ಬಿಟ್ಟು ಎಲ್‌ಇಡಿ ಪರದೆಗೆ ಹೋದ ಮೇಲೆ ನಮ್ಮ ಕೆಲಸ ಸೊರಗಿತ್ತು. ಒಪ್ಪಂದಕ್ಕೆ ಸಹಿ ಬಿದ್ದ ದಿನ ಹಾಜಿಯವರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು.

"ನೋಡಿ, ಲೈಸೆನ್ಸ್ ಡಿಸೆಂಬರಿಗೆ ಮುಗೀತದೆ. ಇದೊಂದನ್ನು ಸರಿಯಾಗಿ ಕೊಟ್ರೆ ಆ ಭವನದವರದ್ದೇ ಬೇರೆ ಹಾಲ್‌ಗಳ ಕೆಲಸ ಉಂಟು, ನಾನು ರಿನ್ಯೂ ಮಾಡ್ತೇನೆ, ನಿಮ್ಮ ವೀಸಾವೂ ಆಗ್ತದೆ. ಇಲ್ಲದಿದ್ರೆ ಖಲಾಸ್. ನನಗೂ ಸಾಕಾಗಿದೆ."

ಮೇಸ್ತ್ರಿಯ ಹೆಂಡತಿ, ಮಗಳು ಇಬ್ಬರೂ ಅವರ ವೀಸಾದ ಮೇಲೆಯೇ ಇಲ್ಲಿದ್ದವರು. ಮಗಳು ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ, ಈಗ ಹನ್ನೆರಡನೇ ತರಗತಿ. ಬೋರ್ಡ್ ಪರೀಕ್ಷೆ ಫೆಬ್ರವರಿಯಲ್ಲಿ. ಆಫೀಸಿನಿಂದ ಹೊರಗೆ ಬಂದವರೇ ಮೇಸ್ತ್ರಿ ನನ್ನ ಹತ್ತಿರ ಹೇಳಿದರು, "ನನ್ನದು ಎಂತ ಇಲ್ಲ ಮಾರಾಯ್ರೆ, ಇವತ್ತು ಹೋಗು ಅಂದ್ರೂ ಹೋಗ್ತೇನೆ. ಹುಡುಗಿಯ ಪರೀಕ್ಷೆ ಒಂದು ಮುಗಿದ್ರೆ ಸಾಕು."

ಮರುದಿನ ಪ್ರದರ್ಶನದ ಮುಖ್ಯಸ್ಥೆ ಬಂದರು. ಎಂಜಿನಿಯರ್ ಆಗಿದ್ದವರು, ನಮ್ಮಂಥ ಬೋರ್ಡಿನವರಿಗೂ ಎಲ್ಲವನ್ನೂ ಕೂರಿಸಿ ವಿವರಿಸಬೇಕೆಂಬ ಹಟ ಅವರಿಗೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮೇಸ್ತ್ರಿಗೆ ದಾಟಿಸುತ್ತಾ ಹೋದೆ. ಮೊದಲಿನ ನೌಕೆಗಳು ವಾತಾವರಣದೊಳಗೆ ಇಳಿಯುವಾಗ ಅವುಗಳ ಕೆಳಗಿನ ಗುರಾಣಿ ತಾನೇ ಉರಿದು ಕರಗಿ ಒಳಗಿನವರನ್ನು ಉಳಿಸುತ್ತಿತ್ತು. ಒಂದು ಸಲಕ್ಕೆ ಅದರ ಕತೆ ಮುಗಿಯಿತು. ಅದೇ ನೌಕೆ ಮತ್ತೆ ಹೋಗಬೇಕಾದರೆ ಗುರಾಣಿ ಉರಿಯದೆ ಉಳಿಯಬೇಕು. ಹಾಗಾಗಿ ಅಲ್ಯೂಮಿನಿಯಂ ಮೈಯ ಮೇಲೆ ಮರಳಿನ ಜಾತಿಯ ಹಗುರ ಟೈಲುಗಳನ್ನು ಅಂಟಿಸಿದರು, ಮೂವತ್ತು ಸಾವಿರಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಅದರದೇ ಆಕಾರ, ಅದರದೇ ನಂಬರು, ಅದರದೇ ಜಾಗ. ಒಬ್ಬ ಕೆಲಸಗಾರ ಇಡೀ ವಾರ ದುಡಿದರೂ ಕೈಬೆರಳಲ್ಲಿ ಎಣಿಸುವಷ್ಟೂ ಟೈಲು ಕೂರುತ್ತಿರಲಿಲ್ಲ. ಆಮೇಲೆ, ಇನ್ನೂ ಆಕಾಶ ಮುಟ್ಟುವ ಮೊದಲೇ, ನೌಕೆಯನ್ನು ದೊಡ್ಡ ವಿಮಾನದ ಬೆನ್ನ ಮೇಲೆ ಹೊತ್ತು ಸಾಗಿಸುವಾಗ ಟೈಲುಗಳು ಎದ್ದುಹೋದವು. ಕೊನೆಗೆ ಒಂದೊಂದನ್ನೂ ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರ್ ಹೀರುಬಟ್ಟಲಿನಿಂದ ಎಳೆದು ಪರೀಕ್ಷಿಸಿ, ದುರ್ಬಲವಾದದ್ದನ್ನು ಕಿತ್ತು ಮತ್ತೆ ಅಂಟಿಸಿದರು. ಮೊದಲ ಹಾರಾಟ ಬಹಳ ತಡವಾಯಿತು. ಆ ಮೊದಲ ಹಾರಾಟದಲ್ಲೇ ಇಬ್ಬರು ಮನುಷ್ಯರು ಕೂತಿದ್ದರು, ಖಾಲಿ ಹಾರಿಸಿ ನೋಡಿರಲಿಲ್ಲ.

"ಅಂಟಿಸಿದವರು ಆಗ ಎಂತ ಮಾಡ್ತಿದ್ರು?" ಎಂದು ಮೇಸ್ತ್ರಿ ಕೇಳಿದರು. "ಕೆಳಗೆ ನಿಂತು ನೋಡ್ತಿದ್ರಾ?"

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಇದನ್ನು ಯಾರೂ ಕೇಳಿರಲಿಲ್ಲ, ತನಗೂ ಗೊತ್ತಿಲ್ಲ ಎಂದು ಆಕೆ ಹೇಳಿದರು.

ನಮ್ಮ ಟೈಲುಗಳು ಹೊರಗೆ ಸುಟ್ಟು ತರಿಸಿದ ಸೆರಾಮಿಕ್, ಹದಿನೈದು ಸೆಂಟಿಮೀಟರ್ ಚೌಕ, ಒಂದೊಂದೂ ಸುಮಾರು ಅರ್ಧ ಕಿಲೋ. ಒಟ್ಟು ಸಾವಿರದ ಏಳುನೂರು ಚಿಲ್ಲರೆ. ಹೊಟ್ಟೆಯನ್ನು ಆರು ಅಲ್ಯೂಮಿನಿಯಂ ಪ್ಯಾನೆಲ್ಲುಗಳಾಗಿ ಮಾಡಿ, ನೆಲದ ಮೇಲೆ ಮಲಗಿಸಿ ಟೈಲು ಅಂಟಿಸಿ, ಆಮೇಲೆ ಮಗುಚಿ ತೂಗುಹಾಕುವುದು. ಅಂಟು ಕಪ್ಪು ಸಿಲಿಕಾನ್. ಅದರ ಪೆಟ್ಟಿಗೆಯೊಂದಿಗೆ ಎರಡು ಪುಟಗಳ ಸೂಚನೆ ಬಂದಿತ್ತು. ಮೇಲ್ಮೈ ಶುಭ್ರವಾಗಿ ಒಣಗಿರಬೇಕು, ಎಣ್ಣೆ, ಸೋಪು ಯಾವುದೂ ತಾಗಿರಬಾರದು ಎಂದು ಮೊದಲ ಪುಟದಲ್ಲೇ ಇತ್ತು. ನಾನು ಓದಿದೆ, ಸಹಿ ಹಾಕಿದೆ, ಫೈಲಿನಲ್ಲಿ ಸೇರಿಸಿದೆ. ಮೂವತ್ತು ವರ್ಷ ಸಿಲಿಕಾನ್ ಗನ್ ಹಿಡಿದವರಿಗೆ ನಾನೇನು ಓದಿ ಹೇಳುವುದು ಎಂದು ಮೇಸ್ತ್ರಿಗೆ ಹೇಳಲಿಲ್ಲ.

ಮೊದಲ ವಾರ ಪ್ರಾಣ ಹಿಂಡಿತು. ಎರಡು ಟೈಲುಗಳ ನಡುವೆ ಎರಡು ಮಿಲಿಮೀಟರ್ ಸಂದು ಇರಬೇಕು, ಸಾಲು ನೇರ ಹೋಗಬೇಕು, ಪ್ಯಾನೆಲ್ಲು ಬೇರೆ ಬಾಗಿದೆ. ಸಿಲಿಕಾನ್ ಕಚ್ಚಿಕೊಂಡರೆ ಬಿಡುವುದಿಲ್ಲ, ಸರಿಸಲು ಹೋದರೆ ಪಕ್ಕದ್ದೂ ಸೇರಿ ಸೊಟ್ಟಗಾಗುತ್ತದೆ. ದಿನಕ್ಕೆ ಇಪ್ಪತ್ತು ಟೈಲು ದಾಟಲಿಲ್ಲ. ಡಿಸೆಂಬರಿನ ರಾಷ್ಟ್ರೀಯ ದಿನದ ಮೊದಲು ಭವನ ತೆರೆಯಬೇಕು. ನಾನು ಕ್ಯಾಲೆಂಡರ್ ನೋಡುವುದು, ಹುಡುಗರ ಮೇಲೆ ರೇಗುವುದು, ಮತ್ತೆ ಕ್ಯಾಲೆಂಡರ್ ನೋಡುವುದು.

ಎಂಟನೇ ದಿನ ಬೆಳಿಗ್ಗೆ ಮೇಸ್ತ್ರಿ ಸ್ಪ್ರೇ ಬಾಟಲಿ ಹಿಡಿದು ನನ್ನ ಹತ್ತಿರ ಬಂದರು. ಸೈನ್‌ಬೋರ್ಡಿನವರ ಕೈಯಲ್ಲಿ ಅದು ಯಾವಾಗಲೂ ಇರುವುದೇ. ಗಾಜಿಗೆ ದೊಡ್ಡ ಸ್ಟಿಕ್ಕರ್ ಅಂಟಿಸುವಾಗ ಮೊದಲು ಸೋಪಿನ ನೀರು ಹೊಡೆಯುತ್ತೇವೆ. ಸ್ಟಿಕ್ಕರ್ ನೀರಿನ ಮೇಲೆ ತೇಲುತ್ತದೆ, ಬೇಕಾದ ಕಡೆ ಸರಿಸಿ, ನೇರ ಮಾಡಿ, ಆಮೇಲೆ ನೀರನ್ನು ಒತ್ತಿ ಹೊರಗೆ ತೆಗೆದರೆ ಮುಗಿಯಿತು. ನನಗೆ ಅವರು ಕಲಿಸಿದ ಮೊದಲ ಪಾಠವೇ ಅದು.

"ಪ್ಯಾನೆಲ್ಲಿಗೆ ಸ್ವಲ್ಪ ಹೊಡೆದು ಇಟ್ರೆ ಟೈಲು ಜಾರ್ತದೆ, ಲೈನ್ ಹಿಡೀಲಿಕ್ಕೆ ಸುಲಭ," ಎಂದರು. "ಇದಕ್ಕೆ ಆಗ್ತದಾ? ನಿಮ್ಮ ಆ ಕಾಗದದಲ್ಲಿ ಎಂತ ಬರೆದಿದ್ದಾರೆ?"

ನಾನು ಫೋನಿನಲ್ಲಿದ್ದೆ. ಕ್ರೇನಿನವನು ದಿನ ಬದಲಾಯಿಸುತ್ತಿದ್ದ. ಸಿಲಿಕಾನ್ ಗಟ್ಟಿಯಾಗಲು ಗಾಳಿಯ ತೇವ ಬೇಕು ಎಂಬ ಅರ್ಧ ಜ್ಞಾನ ನನಗಿತ್ತು, ನೀರಿನಿಂದ ಒಳ್ಳೆಯದೇ ಆದೀತು ಎನಿಸಿತು. ಫೈಲು ಕೈಯಳತೆಯಲ್ಲೇ ಇತ್ತು. "ಆಗ್ತದೆ ಅಣ್ಣ, ನೀರು ಒಣಗ್ತದಲ್ಲ," ಎಂದು ಮತ್ತೆ ಫೋನಿಗೆ ಕಿವಿ ಕೊಟ್ಟೆ.

ಅಂದು ಸಂಜೆಯೊಳಗೆ ತೊಂಬತ್ತು ಟೈಲು ಕೂತವು. ಮರುದಿನ ನೂರು ದಾಟಿತು. ಸಾಲುಗಳು ದಾರ ಹಿಡಿದಂತೆ ನೇರ. ನಾನು ವಿಡಿಯೊ ತೆಗೆದು ಹಾಜಿಯವರಿಗೆ ಕಳುಹಿಸಿದೆ. ಅವರು ಬಿರಿಯಾನಿ ತರಿಸಿದರು. ಆ ಹತ್ತು ಹನ್ನೆರಡು ದಿನ ಶೆಡ್ಡಿನಲ್ಲಿ ನಗು ಇತ್ತು, ಮೇಸ್ತ್ರಿ ತುಳುವಿನಲ್ಲಿ ಹುಡುಗರನ್ನು ಚುಡಾಯಿಸುತ್ತಿದ್ದರು.

ಗೋಡೆಗೆ ಹಾಕುವ ಬರಹದ ಫಲಕಗಳನ್ನು ಮುದ್ರಿಸುವ ಕೆಲಸವೂ ನಮ್ಮದೇ. ಅವುಗಳ ಪ್ರೂಫ್ ನೋಡುತ್ತಿದ್ದಾಗ ಒಂದರಲ್ಲಿ ಹೀಗಿತ್ತು: ನಿಜವಾದ ನೌಕೆಗೆ ಟೈಲು ಅಂಟಿಸುತ್ತಿದ್ದ ಕೆಲವರು, ಅಂಟಿಗೆ ಉಗುಳು ಬೆರೆಸಿದರೆ ಬೇಗ ಗಟ್ಟಿಯಾಗುತ್ತದೆಂದು ಕಂಡುಕೊಂಡು ಗುಟ್ಟಾಗಿ ಹಾಗೆ ಮಾಡುತ್ತಿದ್ದರಂತೆ. ಕೆಲಸ ಬೇಗ ಆಯಿತು, ಹಿಡಿತ ಸಡಿಲವಾಯಿತು. ನಾನು ಅದನ್ನು ಎಲ್ಲರಿಗೂ ಓದಿ ಹೇಳಿದೆ.

"ಹಾಗಾದ್ರೆ ಅಲ್ಲಿಯೂ ನಮ್ಮವರೇ ಇದ್ದದ್ದು," ಎಂದು ಮೇಸ್ತ್ರಿ ನಕ್ಕರು. ಅವರ ಕೈಯಲ್ಲಿ ಸ್ಪ್ರೇ ಬಾಟಲಿ ಇತ್ತು. ನಾನೂ ನಕ್ಕೆ, ಫಲಕವನ್ನು ಮುದ್ರಣಕ್ಕೆ ಬಿಟ್ಟೆ. ಇಷ್ಟು ದೊಡ್ಡ ಕುರುಡುತನ ನನಗೆ ಹೇಗೆ ಕವಿಯಿತು ಎಂದು ಇಂದಿಗೂ ತಿಳಿಯುತ್ತಿಲ್ಲ.

ನಾಲ್ಕು ಪ್ಯಾನೆಲ್ಲು ಮುಗಿದ ಮೇಲೆ ಎರಡನ್ನು ಮಗುಚಿ ಸರಪಳಿಯಲ್ಲಿ ತೂಗಿಸಿ ನೋಡಿದೆವು. ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಮಧ್ಯಾಹ್ನದ ನಮಾಜಿಗೆ ಕೆಲವರು ಹೊರಗೆ ಹೋಗಿದ್ದರು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಒಳಗೆ ತಟ್ಟೆ ಒಡೆದ ಹಾಗೆ ಸದ್ದಾಯಿತು.

ಟೈಲು ಮೂರು ಚೂರಾಗಿ ಬಿದ್ದಿತ್ತು. ಅಂಟೆಲ್ಲ ಅದರ ಬೆನ್ನಿನಲ್ಲೇ ಉಳಿದಿತ್ತು. ಮೇಲೆ ಪ್ಯಾನೆಲ್ಲಿನಲ್ಲಿ ಆ ಜಾಗ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿ ಏಣಿ ಹತ್ತಿ ಬೆರಳಿನಿಂದ ಉಜ್ಜಿ, ಬೆರಳನ್ನು ಮೂಗಿನ ಹತ್ತಿರ ತಂದರು.

"ಸೋಪು," ಎಂದರು. ಕೆಳಗಿಳಿದು ಬಂದು ನನ್ನ ಮುಖ ನೋಡದೆ ಹೇಳಿದರು, "ನನ್ನ ತಪ್ಪು."

ಅಲ್ಲ ಎಂದು ಹೇಳಬೇಕಾಗಿದ್ದದ್ದು ಆಗಲೇ. ನಾನು "ನೋಡುವಾ" ಎಂದೆ.

ಅಂದಿನಿಂದ ನಡೆದದ್ದೆಲ್ಲ ವ್ಯರ್ಥ ಓಡಾಟ. ಕೆಳಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಕಟ್ಟೋಣವೆಂದರೆ ಸೂರಿನ ಕೊಂಡಿಗಳು ಅಷ್ಟು ಭಾರ ತಡೆಯುವುದಿಲ್ಲ ಎಂದು ಭವನದ ಎಂಜಿನಿಯರ್ ಹೇಳಿದರು. ಬಲೆ ಕಟ್ಟಲು ಅನುಮತಿ ಸಿಗಲಿಲ್ಲ. ಸಂದುಗಳಲ್ಲಿ ಸೂಜಿ ತೂರಿಸಿ ಹೊಸ ಅಂಟು ತುಂಬಿ ನೋಡಿದೆವು. ಸೋಪಿನ ಪದರ ಒಳಗೆ ಹಾಗೆಯೇ ಇದ್ದುದರಿಂದ ಅದೂ ಹಿಡಿಯಲಿಲ್ಲ. ತಿರುಪು ಹಾಕಲು ಹೋದರೆ ಟೈಲು ಬಿರಿಯಿತು. ಇಷ್ಟರಲ್ಲಿ ಒಂದು ವಾರ ಹೋಯಿತು, ಇನ್ನೆರಡು ಟೈಲು ಬಿದ್ದವು.

ಹಾಜಿಯವರು ನನ್ನನ್ನು ಒಬ್ಬನನ್ನೇ ಕರೆದರು. ಒಪ್ಪಂದದ ಪ್ರಕಾರ ಮುಖ್ಯಸ್ಥೆಯ ಎದುರು ಹತ್ತು ಟೈಲುಗಳನ್ನು ಎಳೆದು ತೋರಿಸಿದರೆ ಸಾಕಿತ್ತು.

"ಹತ್ತು ನಂಬರ್ ಕೊಡುವುದು ನಾವಲ್ವಾ? ಮೊದಲ ವಾರದ್ದು ಕೊಡಿ. ಅದರಲ್ಲಿ ಸೋಪು ಇಲ್ಲ."

"ಉಳಿದದ್ದು, ಹಾಜಿಯವರೇ?"

"ಎಲ್ಲ ಬೀಳ್ತದೆ ಅಂತ ಯಾರು ಹೇಳಿದ್ದು? ನೋಡಿ, ನಾನು ಕೆಟ್ಟವನಲ್ಲ. ಆರು ಮನೆ ಉಂಟು ಇದರಲ್ಲಿ. ಮೇಸ್ತ್ರಿಯ ಹುಡುಗಿಯನ್ನು ನೆನಪು ಮಾಡ್ಕೊಳ್ಳಿ."

ಅವರು ಕೆಟ್ಟವರಲ್ಲ ಎಂಬುದು ನಿಜ. ನಾನು ಎರಡು ದಿನ ಆ ಹತ್ತು ನಂಬರುಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಾನು ವಾಸವಿದ್ದ ಕಟ್ಟಡದಲ್ಲಿ ಬೆಳಿಗ್ಗೆ ಲಿಫ್ಟಿನ ತುಂಬಾ ಶಾಲೆಯ ಮಕ್ಕಳು. ಎಣ್ಣೆ ಹಾಕಿ ಬಾಚಿದ ತಲೆಗಳು ನನ್ನ ಎದೆಯ ಮಟ್ಟಕ್ಕೆ ಬರುತ್ತವೆ. ಐದು ಮೀಟರ್ ಮೇಲಿನಿಂದ ಅರ್ಧ ಕಿಲೋ. ಮೂರನೆಯ ಬೆಳಿಗ್ಗೆ ಲಿಫ್ಟಿನಿಂದ ಇಳಿದವನು ಜೇಬಿನ ಆ ಚೀಟಿಯನ್ನು ಕಾರಿನ ಪಕ್ಕ ನಿಂತು ಹರಿದುಹಾಕಿದೆ. ಶೆಡ್ಡಿಗೆ ಹೋದವನೇ ಮೇಸ್ತ್ರಿಗೆ ಹೇಳಿದೆ, "ಎಲ್ಲವನ್ನೂ ಎಳೆದು ನೋಡುವಾ ಅಣ್ಣ. ಒಂದನ್ನೂ ಬಿಡದೆ."

ಎಳೆದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

"ಹಾಗಾದ್ರೆ ನಾನೇ ಎಳೀತೇನೆ," ಎಂದರು. "ಹುಡುಗರಿಗೆ ಬೇಡ."

ನಮ್ಮಲ್ಲಿ ಪರೀಕ್ಷೆಯ ಯಂತ್ರವೇನಿರಲಿಲ್ಲ. ಗಾಜು ಎತ್ತುವ ಹೀರುಬಟ್ಟಲು ಇತ್ತು. ಊರಿಗೆ ಹೋಗುವಾಗ ಬ್ಯಾಗು ತೂಗುವ ಕೊಕ್ಕೆಯ ತಕ್ಕಡಿ ಇಲ್ಲಿ ಎಲ್ಲರ ಕೋಣೆಯಲ್ಲೂ ಇರುತ್ತದೆ, ಅದನ್ನು ಬಟ್ಟಲಿಗೆ ಸಿಕ್ಕಿಸಿದೆವು. ಹತ್ತು ಕಿಲೋ ಎಳೆತಕ್ಕೆ ಬಗ್ಗದಿದ್ದರೆ ಪಾಸು. ಅವರು ಎಳೆಯುವುದು, ನಾನು ಅಂಕಿ ಓದುವುದು, ಬಿಟ್ಟ ಟೈಲಿನ ನಂಬರಿಗೆ ನಕ್ಷೆಯಲ್ಲಿ ಗೀಟು.

ಮೊದಲ ವಾರದ ಟೈಲುಗಳು ಒಂದೂ ಅಲುಗಲಿಲ್ಲ. ಒಂದು ಗಂಟೆ ಹೊತ್ತು ನಾವಿಬ್ಬರೂ ಏನೋ ಪವಾಡ ಆದೀತೆಂದು ಕೆಲಸ ಮುಂದುವರಿಸಿದೆವು. ಆಮೇಲೆ ಸೋಪಿನ ಸಾಲು ಶುರುವಾಯಿತು. ಮೂರು ಕಿಲೋಗೆ ಒಂದು, ಎರಡು ಕಿಲೋಗೆ ಒಂದು. ಕೆಲವು ಬಟ್ಟಲು ತಾಗಿಸಿದ ಕೂಡಲೇ ಬಂದವು. ನಡುವೆ ನಾಲ್ಕರಲ್ಲೊಂದು ಗಟ್ಟಿಯಾಗಿ ನಿಲ್ಲುತ್ತಿತ್ತು. ಎಲ್ಲವೂ ಬಂದುಬಿಟ್ಟಿದ್ದರೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ. ನಿಂತವು ಮತ್ತೆ ಮತ್ತೆ ಆಸೆ ಹುಟ್ಟಿಸುತ್ತಿದ್ದವು.

ಎರಡನೆಯ ದಿನ ಸಂಜೆ ಒಂದು ಟೈಲು ಆರು ಕಿಲೋಗೇ ಅಂಚಿನಲ್ಲಿ ಬಾಯಿ ಬಿಡತೊಡಗಿತು. ಸತತ ಹದಿನೈದು ಬಿಟ್ಟಿದ್ದವು. ಮೇಸ್ತ್ರಿಯ ಕುತ್ತಿಗೆ ಬೆವರಿತ್ತು. ನನ್ನ ಬಾಯಿಗೆ ಏನು ಬಂತೋ, "ಹತ್ತು" ಎಂದೆ.

ಅವರು ತಕ್ಕಡಿ ನೋಡಿದರು, ಆಮೇಲೆ ನನ್ನನ್ನು.

"ಸರಿ ನೋಡಿ ಹೇಳಿ ಮಾರಾಯ್ರೆ," ಎಂದು ಮತ್ತೊಮ್ಮೆ ಎಳೆದರು. ಟೈಲು ಅವರ ಕೈಗೆ ಬಂತು. ಪೆನ್ನು ನನ್ನಿಂದ ಇಸಿದುಕೊಂಡು ಆ ನಂಬರಿಗೆ ಅವರೇ ಗೀಟು ಹಾಕಿದರು.

ಮೂರು ದಿನಗಳಲ್ಲಿ ಎಳೆದು ಮುಗಿಸಿದಾಗ ಏಳುನೂರಕ್ಕೂ ಹೆಚ್ಚು ಟೈಲುಗಳು ನೆಲದಲ್ಲಿದ್ದವು. ಅವುಗಳ ಬೆನ್ನಿನ ಅಂಟು ಕೆರೆದು, ಪ್ಯಾನೆಲ್ಲು ತೊಳೆದು ಒಣಗಿಸಿ, ಮೊದಲ ವಾರದ ವೇಗದಲ್ಲಿ ಮತ್ತೆ ಅಂಟಿಸಬೇಕು, ಇನ್ನೂ ಮುಟ್ಟದ ಎರಡು ಪ್ಯಾನೆಲ್ಲು ಬೇರೆ ಬಾಕಿ. ಎಷ್ಟು ಸಲ ಲೆಕ್ಕ ಹಾಕಿದರೂ ಎರಡು ತಿಂಗಳಿಗೆ ಕಡಿಮೆ ಬರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಹದಿನಾಲ್ಕು ದಿನ.

ನಾನು ಮುಖ್ಯಸ್ಥೆಗೆ ನಾಲ್ಕು ಪುಟಗಳ ವರದಿ ಬರೆದೆ. ನಕ್ಷೆ, ಫೋಟೊ, ಎಳೆತದ ಅಂಕಿ ಎಲ್ಲವೂ ಇತ್ತು. ಕಾರಣ ಎಂಬಲ್ಲಿ, ಅಂಟಿಸುವಾಗ ಕೆಲಸಗಾರರು ಸೋಪಿನ ನೀರು ಬಳಸಿದ್ದಾರೆ ಎಂದು ಬರೆದೆ. ಅದರಲ್ಲಿ ಸುಳ್ಳಿಲ್ಲ. ಆಗ್ತದೆ ಎಂದವನು ಯಾರು ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ, ನಾನು ಜಾಗ ಮಾಡಲೂ ಇಲ್ಲ.

ಆಕೆ ಮರುದಿನವೇ ಅಲ್ ಐನ್‌ನಿಂದ ಬಂದರು. ಟೈಲುಗಳ ನಡುವೆ ನಡೆದು ನೋಡಿದರು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು ಎಂದು ನನ್ನ ಕೈ ಕುಲುಕಿದರು. ಒಪ್ಪಂದ ರದ್ದಾಯಿತು. ಹೊಟ್ಟೆಯ ಚಿತ್ರವನ್ನು ಹಾಳೆಯ ಮೇಲೆ ಮುದ್ರಿಸಿ ಸೂರಿಗೆ ಅಂಟಿಸುವುದೆಂದು ತೀರ್ಮಾನಿಸಿದರು, ಅದೂ ಬೇರೆಯವರ ಕೈಯಲ್ಲಿ.

ಹಾಜಿಯವರು ಎಲ್ಲರ ಎದುರು ಮೇಸ್ತ್ರಿಯನ್ನು ಕೇಳಿದರು, "ಮೂವತ್ತು ವರ್ಷ ಸಿಲಿಕಾನ್ ಹಿಡಿದವರಿಗೆ ಇಷ್ಟು ಗೊತ್ತಾಗ್ಲಿಲ್ವಾ?" ತಪ್ಪಾಯ್ತು ಎಂದರು ಮೇಸ್ತ್ರಿ. ನಾನು ಸ್ಟಾಕ್ ಪಟ್ಟಿ ನೋಡುತ್ತಿದ್ದೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಲೈಸೆನ್ಸ್ ರಿನ್ಯೂ ಆಗಲಿಲ್ಲ. ಮೇಸ್ತ್ರಿಯ ವೀಸಾ ರದ್ದಾಯಿತು. ಇಲ್ಲಿ ಉಳಿಯಲು ಸಿಕ್ಕ ಗಡುವು ಜನವರಿಯಲ್ಲೇ ಮುಗಿಯುತ್ತಿತ್ತು. ಬೇರೆ ಕೆಲಸಕ್ಕೆ ಎಷ್ಟು ಕಡೆ ಕರೆದುಕೊಂಡು ಹೋದೆನೋ; ಅವರ ವಯಸ್ಸು ಕೇಳಿದ ಮೇಲೆ ಯಾರೂ ತಿರುಗಿ ಫೋನು ಮಾಡಲಿಲ್ಲ. ಮಗಳು ಪರೀಕ್ಷೆಗೆ ವಿಸಿಟ್ ವೀಸಾದಲ್ಲಿ ಬರಬಹುದೇನೋ ಎಂದು ಶಾಲೆಯಲ್ಲಿ ಒಬ್ಬರು ಹೇಳಿದರು, ಆಗುವುದಿಲ್ಲವೇನೋ ಎಂದು ಇನ್ನೊಬ್ಬರು. ಖಚಿತವಾಗಿ ಹೇಳುವವರು ಯಾರೂ ಸಿಗಲಿಲ್ಲ.

ಆ ನಡುವೆ ಮುಖ್ಯಸ್ಥೆ ನನಗೆ ಫೋನು ಮಾಡಿದರು. ಭವನದ ನಿರ್ವಹಣೆಗೆ ಒಬ್ಬರು ಬೇಕು, ನಿಮ್ಮಂಥ ಪ್ರಾಮಾಣಿಕರೇ ಬೇಕು ಎಂದರು. ನಾನು ಒಪ್ಪಿದೆ. ನಮ್ಮ ಮೇಸ್ತ್ರಿ ಒಬ್ಬರಿದ್ದಾರೆ, ಬಹಳ ಒಳ್ಳೆಯ ಕೈ, ಅವರಿಗೂ ಏನಾದರೂ ಮಾಡಬಹುದೇ ಎಂದು ಕೇಳಿದೆ.

ಸೋಪಿನ ನೀರು ಬಳಸಿದವರೇ, ಎಂದು ಆಕೆ ಕೇಳಿದರು. ಹೌದು ಎಂದೆ. ಕಷ್ಟ, ಮಕ್ಕಳ ತಲೆಯ ಮೇಲಿನ ಕೆಲಸ, ನಿಮಗೇ ಅರ್ಥವಾಗುತ್ತದೆ ಎಂದರು. ಆಗ್ತದೆ ಎಂದವನು ನಾನೇ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಹೇಳಿದ್ದರೆ ಅವರಿಗೆ ಕೆಲಸ ಸಿಗುತ್ತಿತ್ತೋ ಇಲ್ಲವೋ, ನನ್ನದು ಹೋಗುತ್ತಿದ್ದದ್ದಂತೂ ಖಂಡಿತ. ಅರ್ಥವಾಗುತ್ತದೆ ಎಂದೆ.

ಜನವರಿಯ ಒಂದು ಮಧ್ಯಾಹ್ನ ಮೂವರನ್ನೂ ವಿಮಾನ ನಿಲ್ದಾಣಕ್ಕೆ ಬಿಟ್ಟೆ. ದಾರಿಯುದ್ದಕ್ಕೂ ಮೇಸ್ತ್ರಿಯ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮಗಳ ಮಡಿಲಲ್ಲಿ ಫಿಸಿಕ್ಸ್ ಪುಸ್ತಕ ತೆರೆದಿತ್ತು. ಪರೀಕ್ಷೆಗೆ ಏನಾದರೂ ದಾರಿಯಾದೀತು ಮಗಾ ಎಂದೆ. "ಇಟ್ಸ್ ಓಕೆ ಅಂಕಲ್," ಎಂದಳು, "ಐ ವಿಲ್ ರೈಟ್ ಇಟ್ ನೆಕ್ಸ್ಟ್ ಇಯರ್." ಆಮೇಲೆ ಪುಸ್ತಕ ಮುಚ್ಚಿದಳು.

ಟ್ರಾಲಿಗೆ ಸಾಮಾನು ಏರಿಸಿದ ಮೇಲೆ ಮೇಸ್ತ್ರಿ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು.

"ನಿಮಗೆ ಕೆಲಸ ಸಿಕ್ಕಿದ್ದು ಒಳ್ಳೇದಾಯ್ತು. ನನಗೆ ಅದೇ ಒಂದು ಹೆದರಿಕೆ ಇತ್ತು," ಎಂದರು. "ಅವತ್ತು ನಾನು ಕೇಳಿದೆ, ನೀವು ನನ್ನನ್ನು ನಂಬಿ ಆಗ್ತದೆ ಅಂದ್ರಿ. ಗೊತ್ತಿರ್ಬೇಕಾದವನು ನಾನು. ನನ್ನಿಂದ ನಿಮ್ಮ ಹೆಸರೂ ಹಾಳಾಗ್ತಿತ್ತು. ಮನಸ್ಸಲ್ಲಿ ಇಟ್ಕೊಳ್ಬೇಡಿ."

"ಇಲ್ಲ ಅಣ್ಣ," ಎಂದೆ. "ಇಟ್ಕೊಂಡಿಲ್ಲ."

ಅವರ ಮುಖ ಹಗುರಾಯಿತು. ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಆಮೇಲೆ ಮಗಳನ್ನು ಹತ್ತಿರ ಕರೆದು, ಅಂಕಲ್‌ಗೆ ಥ್ಯಾಂಕ್ಸ್ ಹೇಳು ಎಂದರು. ಅವಳು ಹೇಳಿದಳು.